ಮೊದಲು ಹೌಸ್‌ಆರ್ಟ್ಸ್, ಆಮೇಲೆ ಆಸ್ಪತ್ರೆ

ಬೆಂಗಳೂರಿನಲ್ಲಿ ಕಿವಿ ನೋವು ಬಂದರೆ ನಾವು ನೇರ ಇಎನ್‌ಟಿ ಡಾಕ್ಟರ ಹತ್ತಿರ ಹೋಗ್ತೀವಿ. ನೆದರ್ಲೆಂಡ್ಸ್‌ನಲ್ಲಿ ಹಾಗಾಗಲ್ಲ. ತುರ್ತು ಸಂದರ್ಭ ಬಿಟ್ಟರೆ, ಮೊದಲು ಹೌಸ್‌ಆರ್ಟ್ಸ್, ಅಂದರೆ ಬಡಾವಣೆಯ ಕುಟುಂಬ ವೈದ್ಯರು. ಅವರು ಚೀಟಿ ಕೊಟ್ಟರೆ ತಜ್ಞರು.

ದುಡ್ಡಿನ ಲೆಕ್ಕ ಹೇಗೆ? 2006ರ ಕಾನೂನಿನಂತೆ ಇಲ್ಲಿ ನೆಲೆಸಿದವರು ಮೂಲ ಆರೋಗ್ಯ ವಿಮೆ ಮಾಡಿಸಲೇಬೇಕು. ಕಂಪನಿಗಳು ಖಾಸಗಿ. ಆದರೆ ಸಕ್ಕರೆ ಕಾಯಿಲೆ ಇದೆ, ವಯಸ್ಸಾಗಿದೆ ಅಂತ ಯಾರನ್ನೂ ಬೇಡ ಅನ್ನುವಂತಿಲ್ಲ, ಹೆಚ್ಚು ಕಂತು ಕೇಳುವಂತೆಯೂ ಇಲ್ಲ. ಕಾಯಿಲೆಯವರು ಹೆಚ್ಚಿರುವ ಕಂಪನಿಗೆ ಸಾಮಾನ್ಯ ನಿಧಿಯಿಂದ ಹೆಚ್ಚು ಪಾಲು ಸಿಗುತ್ತೆ. 18 ತುಂಬದ ಮಕ್ಕಳಿಗೆ ಕಂತೇ ಇಲ್ಲ. 2025ರಲ್ಲಿ ದೊಡ್ಡವರು ವರ್ಷದ ಮೊದಲ 385 ಯೂರೋ ಖರ್ಚನ್ನು ಕೈಯಿಂದಲೇ ಕೊಡಬೇಕಿತ್ತು. ಹೌಸ್‌ಆರ್ಟ್ಸ್ ಭೇಟಿ ಮಾತ್ರ ಆ ಲೆಕ್ಕಕ್ಕೆ ಬರಲ್ಲ.

‘ಪ್ಯಾರಾಸಿಟಮಾಲ್ ತಗೊಂಡು ಮನೇಲಿರಿ ಅಂತಾರೆ’ ಅನ್ನೋದು ನಮ್ಮವರ ಗೊಣಗಾಟ. ಆದರೆ ವೈರಸ್ ಜ್ವರಕ್ಕೆ ಆಂಟಿಬಯೋಟಿಕ್ ನಾಟಲ್ಲ. ಯುರೋಪಿನಲ್ಲಿ ಅದನ್ನು ಅತಿ ಕಡಿಮೆ ಬಳಸುವ ದೇಶಗಳಲ್ಲಿ ಇದೂ ಒಂದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಕಾಟವೂ ಇಲ್ಲಿ ಕಡಿಮೆ.

ದೊಡ್ಡ ಸವಾಲು ಬಾಗಿಲಲ್ಲೇ ಇದೆ. ಎಷ್ಟೋ ಊರುಗಳಲ್ಲಿ ಹೌಸ್‌ಆರ್ಟ್ಸ್‌ಗಳು ಹೊಸಬರನ್ನು ಸೇರಿಸಿಕೊಳ್ತಿಲ್ಲ. ಮುದುಕರು ಹೆಚ್ಚುತ್ತಿದ್ದಾರೆ, ಸಿಬ್ಬಂದಿ ಸಾಲುತ್ತಿಲ್ಲ. ಹೀಗೇ ನಡೆದರೆ 2040ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರು ಆರೈಕೆಯ ಕೆಲಸಕ್ಕೇ ಬೇಕಾಗುತ್ತೆ ಅಂತ ಸರ್ಕಾರದ ನೀತಿ ಸಲಹಾ ಮಂಡಳಿ 2021ರಲ್ಲೇ ಎಚ್ಚರಿಸಿದೆ. ಅಷ್ಟು ಜನ ಎಲ್ಲಿಂದ ಬರ್ತಾರೆ?

ಹೊಸದಾಗಿ ಬರುವವರು ನಾಲ್ಕು ತಿಂಗಳೊಳಗೆ ವಿಮೆ ಮಾಡಿಸಿ. ಹೌಸ್‌ಆರ್ಟ್ಸ್ ಹತ್ತಿರ ಆರೋಗ್ಯವಾಗಿರುವಾಗಲೇ ಹೆಸರು ಬರೆಸಿ.