ವೃತ್ತವನ್ನು ಭಾಗಿಸುವ ವಿದ್ಯೆ: ಹವ್ಯಾಸಿಯ ಯಂತ್ರಕ್ಕೊಂದು ನಾಲ್ಕನೆಯ ಅಕ್ಷ

ಚನ್ನಪಟ್ಟಣದ ಬಣ್ಣದ ಬೊಂಬೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ತಲೆ, ಕೊರಳು, ಒಡಲು ಎಲ್ಲವೂ ಉರುಟು. ತಿರುಗುವ ಮರದ ತುಂಡಿಗೆ ಉಳಿಯನ್ನು ಆನಿಸಿ ಕಡೆದುದರ ಫಲವಿದು. ಆದರೆ ಅದೇ ಬೊಂಬೆಗೆ ಮೂಗನ್ನೂ ಕೆತ್ತಬೇಕೆಂದರೆ ಬರಿದೆ ತಿರುಗಿಸಿದರೆ ಸಾಲದು. ಎಷ್ಟು ತಿರುಗಿತೆಂಬ ಲೆಕ್ಕವೂ ಬೇಕು. ಹೀಗೆ ಲೆಕ್ಕವಿಟ್ಟು ತಿರುಗಿಸುವ ಉಪಕರಣವೇ ಗಣಕನಿಯಂತ್ರಿತ, ಎಂದರೆ ಸಿ.ಎನ್.ಸಿ., ಯಂತ್ರದ ನಾಲ್ಕನೆಯ ಅಕ್ಷ.

ಹವ್ಯಾಸಿಗಳ ಸಣ್ಣ ಯಂತ್ರಕ್ಕೆ ಸಾಮಾನ್ಯವಾಗಿ ಮೂರು ಚಲನೆಗಳಿರುತ್ತವೆ: ಎಡಬಲ, ಹಿಂದುಮುಂದು, ಮೇಲುಕೆಳಗು. ಇವುಗಳಿಂದ ಹಲಗೆಯ ಒಂದು ಮುಖವನ್ನು ಕೆತ್ತಬಹುದಲ್ಲದೆ ಅದರ ಬೆನ್ನನ್ನು ಮುಟ್ಟಲಾಗದು. ತುಂಡನ್ನು ಚಕ್ಕಿನಲ್ಲಿ ಹಿಡಿದು ತಿರುಗಿಸಿದರೆ ಎಲ್ಲ ಪಾರ್ಶ್ವಗಳೂ ಕಟ್ಟರಿಗೆ ಎದುರಾಗುತ್ತವೆ. ಹಾಗಾದರೆ ಎಂತಹ ಅಕ್ಷವನ್ನು ಆರಿಸಬೇಕು?

ಮೊದಲು ಮೋಟಾರಿನ ಸ್ವಭಾವವನ್ನು ತಿಳಿಯೋಣ. ಸ್ಟೆಪರ್ ಮೋಟಾರು ಹೆಜ್ಜೆಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯವಾಗಿ ಸುತ್ತೊಂದಕ್ಕೆ 200 ಹೆಜ್ಜೆ. ಎಂದರೆ ಒಂದು ಹೆಜ್ಜೆಗೆ 1.8 ಡಿಗ್ರಿ. ಇದು ಅಲ್ಪವೆಂದು ತೋರಬಹುದು. ಆದರೆ ಅಕ್ಷದಿಂದ 50 ಮಿಲಿಮೀಟರ್ ದೂರದ ಮೇಲ್ಮೈಯಲ್ಲಿ ಅದು 1.57 ಮಿಲಿಮೀಟರಿನಷ್ಟು ಸರಿದಂತಾಯಿತು! ಬಲದ ಮಾತೂ ಹೀಗೆಯೇ. 2 ನ್ಯೂಟನ್-ಮೀಟರ್ ಟಾರ್ಕಿನ ಮೋಟಾರು ಅದೇ ದೂರದಲ್ಲಿ 40 ನ್ಯೂಟನ್ ಬಲವನ್ನಷ್ಟೇ ತಡೆಯಬಲ್ಲುದು. ಕಟ್ಟರಿನ ಒತ್ತಡ ಅದನ್ನು ಮೀರಿದರೆ ಮೋಟಾರು ಹೆಜ್ಜೆ ತಪ್ಪುತ್ತದೆ. ಸಾಧಾರಣ ಯಂತ್ರದಲ್ಲಿ ಗಣಕಕ್ಕೆ ಆ ಸುದ್ದಿ ತಿಳಿಯುವುದೂ ಇಲ್ಲ. ವಿದ್ಯುತ್ತಿನ ಮೂಲಕ ಹೆಜ್ಜೆಯನ್ನು ಇನ್ನೂ ಸಣ್ಣದಾಗಿ ಒಡೆಯಬಹುದು; ಆದರೆ ಅದರಿಂದ ಬಲ ಹೆಚ್ಚದು. ಆದುದರಿಂದ ಮೋಟಾರಿಗೂ ಚಕ್ಕಿಗೂ ನಡುವೆ ವೇಗವನ್ನು ತಗ್ಗಿಸುವ ಏರ್ಪಾಡೊಂದು ಅವಶ್ಯಕ.

ಇಂತಹ ಏರ್ಪಾಡುಗಳಲ್ಲಿ ಸರಳವಾದುದು ಹಲ್ಲುಳ್ಳ ಬೆಲ್ಟು. ಮೋಟಾರು 6 ಸುತ್ತು ತಿರುಗಿದಾಗ ಚಕ್ಕು ಒಂದು ಸುತ್ತು ತಿರುಗುವಂತೆ ಮಾಡಿದರೆ, ಹೆಜ್ಜೆ 0.3 ಡಿಗ್ರಿಗೆ ಇಳಿಯುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟರೆ ಟಾರ್ಕು ಆರು ಮಡಿಯಾಗುತ್ತದೆ. ಮೋಟಾರು ನಿಮಿಷಕ್ಕೆ 600 ಸುತ್ತು ತಿರುಗಿದರೆ ಚಕ್ಕು 100 ಸುತ್ತು ತಿರುಗುವುದು. ಮರದ ಕೆತ್ತನೆಗೆ ಇದು ಒಪ್ಪುವ ವೇಗ.

ಎರಡನೆಯದು ವರ್ಮ್ ಗೇರು. ಇಲ್ಲಿ ತಿರುಪೊಂದು ಹಲ್ಲುಚಕ್ರವನ್ನು ಒಂದೊಂದೇ ಹಲ್ಲಿನಂತೆ ನೂಕುತ್ತದೆ. ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ಎಂಬ ಉಪಕರಣ ನಿರ್ಮಾಪಕನು, ನಾವಿಕರ ಕೋನಮಾಪಕಗಳ ಮೇಲೆ ಗೆರೆಗಳನ್ನು ಕೊರೆಯಲು, 2160 ಹಲ್ಲುಗಳ ಚಕ್ರವೊಂದನ್ನು ಇದೇ ತತ್ತ್ವದಿಂದ ತಿರುಗಿಸಿದನು. ತಿರುಪು ಆರು ಸುತ್ತು ತಿರುಗಿದರೆ ಚಕ್ರ ಸರಿಯಾಗಿ ಒಂದು ಡಿಗ್ರಿ ಸರಿಯುತ್ತಿತ್ತು. ಆ ಯಂತ್ರದ ವಿವರಣೆ 1777ರಲ್ಲಿ ಪ್ರಕಟವಾಯಿತು. ಇಂದಿನ ಹವ್ಯಾಸಿಯ ತಿರುಗುಮೇಜೂ ಅದರ ದಾಯಾದಿಯೇ ಸರಿ.

ಮೂರನೆಯದು ಅಮೆರಿಕದ ವಾಲ್ಟನ್ ಮಸರ್ ಎಂಬವರು 1959ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಕ್ ಡ್ರೈವ್. ಬಾಗುವ ತೆಳು ಲೋಹದ ಹಲ್ಲುಬಟ್ಟಲು ಅದರ ಜೀವಾಳ. ಹಲ್ಲುಗಳ ನಡುವೆ ಸಡಿಲು ಇಲ್ಲವೆನ್ನುವಷ್ಟು ಕಡಿಮೆ; ಆದರೆ ಬೆಲೆ ಹೆಚ್ಚು.

ಲೋಹದ ಕೆಲಸಕ್ಕೆ ಹೊರಟವರು ಕೈಯಿಂದ ತಿರುಗಿಸುವ ಹಳೆಯ ಮೇಜೊಂದನ್ನು ಮಾರ್ಪಡಿಸಿಕೊಳ್ಳಬಹುದು. ಹಿಡಿಕೆಯ 90 ಸುತ್ತಿಗೆ ಮೇಜು ಒಂದು ಸುತ್ತು ತಿರುಗುವುದೆನ್ನಿ. ಹಿಡಿಕೆಯನ್ನು ತೆಗೆದು, ಅಲ್ಲಿ ಬಾಗುವ ಜೋಡಣೆಯ ಮೂಲಕ ಮೋಟಾರನ್ನು ಕೂಡಿಸಬೇಕು. ಒಂದೊಂದು ಹೆಜ್ಜೆಯನ್ನೂ ಎಂಟಾಗಿ ಒಡೆದರೆ 200 × 8 × 90 = 1,44,000; ಇದನ್ನು 360ರಿಂದ ಭಾಗಿಸಿದರೆ ಡಿಗ್ರಿಗೆ 400 ಸೂಕ್ಷ್ಮ ಹೆಜ್ಜೆಗಳು. ನಿಯಂತ್ರಕಕ್ಕೆ ತಿಳಿಸಬೇಕಾದ ಸಂಖ್ಯೆ ಇದೇ.

ಆದರೆ ವರ್ಮಿಗೂ ಚಕ್ರಕ್ಕೂ ನಡುವಣ ಸಡಿಲನ್ನು ಮರೆಯಬಾರದು. ಸಡಿಲು 0.1 ಡಿಗ್ರಿಯಿದ್ದರೂ 50 ಮಿಲಿಮೀಟರ್ ದೂರದಲ್ಲಿ ಅದು 0.087 ಮಿಲಿಮೀಟರ್. ಅನೇಕ ಮೇಜುಗಳಲ್ಲಿ ವರ್ಮ್ ಒಂದು ಓರೆಗೇಂದ್ರದ ತೋಳಿನೊಳಗೆ ಕುಳಿತಿರುತ್ತದೆ. ತೋಳನ್ನು ತುಸು ತಿರುಗಿಸಿದರೆ ವರ್ಮ್ ಚಕ್ರದ ಸಮೀಪಕ್ಕೆ ಸರಿಯುತ್ತದೆ. ಅತಿಯಾಗಿ ಬಿಗಿದರೆ ಚಲನೆಯೇ ಸಿಕ್ಕಿಕೊಳ್ಳುವುದು. ಪ್ರತಿಯೊಂದು ಕೋನವನ್ನೂ ಒಂದೇ ದಿಕ್ಕಿನಿಂದ ಸಮೀಪಿಸಿ, ಮೇಜಿನ ಬಿಗಿತಿರುಪನ್ನು ಹಾಕಿ, ಅನಂತರ ಕೊರೆಯುವುದು ಕ್ಷೇಮ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಸ್ನೇಹಿತರೊಬ್ಬರ ಲೇತಿನಲ್ಲಿ 27 ಹಲ್ಲುಗಳ ಗೇರು ಮುರಿದಿತ್ತು. ಹೊಸದನ್ನು ಹಿತ್ತಾಳೆಯಲ್ಲಿ ಕೊರೆದುಕೊಡಲು ಒಪ್ಪಿಕೊಂಡೆ. 360ನ್ನು 27ರಿಂದ ಭಾಗಿಸಿ 13.3 ಡಿಗ್ರಿ ಎಂದು ಬರೆದುಕೊಂಡು, ಪ್ರತಿಸಲವೂ ಅಷ್ಟೇ ಮುಂದಕ್ಕೆ ಸರಿಯುವಂತೆ ಆಜ್ಞೆ ಕೊಟ್ಟೆ. ಸಂಜೆಯವರೆಗೆ ಎಲ್ಲವೂ ಸುಂದರವಾಗಿಯೇ ಕಂಡಿತು. ಜೋಡಿಸಿದಾಗ ಮಾತ್ರ ಗೇರು ಸುತ್ತಿಗೊಮ್ಮೆ ಸಿಕ್ಕಿಕೊಳ್ಳತೊಡಗಿತು. ಬಿಟ್ಟುಹೋದ ಚೂರುಗಳೆಲ್ಲ ಕೂಡಿ 0.9 ಡಿಗ್ರಿಯಾಗಿ ಕೊನೆಯ ಹಲ್ಲಿನಲ್ಲಿ ಬಂದು ನಿಂತಿದ್ದವು. 27 ಮಿಲಿಮೀಟರ್ ತ್ರಿಜ್ಯದ ಆ ಗೇರಿನಲ್ಲಿ ಒಂದು ಹಲ್ಲು ಸುಮಾರು 0.4 ಮಿಲಿಮೀಟರ್ ದಪ್ಪವಾಗಿತ್ತು. ಹಿತ್ತಾಳೆಯೂ ಒಂದು ದಿನವೂ ವ್ಯರ್ಥವಾದವು. ಮರುದಿನ ಪ್ರತಿಯೊಂದು ಕೋನವನ್ನೂ ಸೊನ್ನೆಯಿಂದಲೇ ಎಣಿಸಿ ಕೊಟ್ಟೆ: 360 × 1/27, 360 × 2/27, ಹೀಗೆ. ಆಗ ಲೆಕ್ಕದ ದೋಷ ಎಲ್ಲಿಯೂ ಅರ್ಧ ಸೂಕ್ಷ್ಮ ಹೆಜ್ಜೆಯನ್ನು ಮೀರುವುದಿಲ್ಲ, ಕೂಡಿಕೊಳ್ಳುತ್ತ ಹೋಗುವುದೂ ಇಲ್ಲ. ಎರಡನೆಯ ಗೇರು ಇಂದಿಗೂ ತಿರುಗುತ್ತಿದೆ.

ಕೊಳ್ಳುವ ಮೊದಲು ಮತ್ತೆ ಮೂರು ಸಂಗತಿಗಳನ್ನು ನೋಡಿಕೊಳ್ಳಿ. ಚಕ್ಕನ್ನು ಇಟ್ಟ ಮೇಲೆ ಕಟ್ಟರು ಮೇಲೆದ್ದು ಸರಿಯಲು ಎತ್ತರ ಉಳಿಯುವುದೆ? ಉದ್ದನೆಯ ತುಂಡು ಬಾಗದಂತೆ ಮತ್ತೊಂದು ತುದಿಯಲ್ಲಿ ಟೇಲ್‌ಸ್ಟಾಕಿನ ಆಸರೆ ಇದೆಯೆ? ನಿಯಂತ್ರಕಕ್ಕೆ ನಾಲ್ಕನೆಯ ಮೋಟಾರನ್ನು ನಡೆಸುವ ಶಕ್ತಿಯಿದೆಯೆ? ಇಲ್ಲದಿದ್ದರೆ ಹಿಂದುಮುಂದಿನ ಚಲನೆಯ ಮೋಟಾರನ್ನು ಬಿಡಿಸಿ, ಆ ತಂತಿಗಳನ್ನೇ ತಿರುಗುವ ಅಕ್ಷಕ್ಕೆ ಕೊಟ್ಟು ಕೆಲಸ ಸಾಗಿಸಬಹುದು. ವಿದ್ಯುತ್ತನ್ನು ನಿಲ್ಲಿಸದೆ ಮೋಟಾರಿನ ತಂತಿಗೆ ಮಾತ್ರ ಕೈಹಚ್ಚಬೇಡಿ, ಚಾಲಕಮಂಡಲ ಸುಟ್ಟುಹೋದೀತು.

ಇಷ್ಟಾದ ಮೇಲೆ, ಚಕ್ಕಿಗೂ ಟೇಲ್‌ಸ್ಟಾಕಿಗೂ ನಡುವೆ ನೇರವಾದ ಉಕ್ಕಿನ ಸರಳೊಂದನ್ನು ಹಿಡಿದು, ಡಯಲ್ ಗೇಜನ್ನು ಅದರ ನೆತ್ತಿಯ ಮೇಲೂ ಪಕ್ಕದಲ್ಲೂ ಉದ್ದಕ್ಕೆ ಸರಿಸಿ. ಮುಳ್ಳು ಅಲುಗದಿದ್ದರೆ ನಿಮ್ಮ ಅಕ್ಷ ನೇರವಾಗಿದೆ. ಮೊದಲ ತುಂಡನ್ನು ಧೈರ್ಯವಾಗಿ ಹಿಡಿಯಬಹುದು.