ಕಂದು ಹಾಕಿದ ಕುರಿ, ಎಂಟು ಸಾವಿರ ವರ್ಷದ ಜಾಡು

33 ಲಕ್ಷ ಅಕ್ಷರ! ಕಣ್ಣಿಗೆ ಕಾಣದ ಒಂದು ರೋಗಾಣು ತನ್ನ ಒಡಲಲ್ಲಿ ಹೊತ್ತು ತಿರುಗುವ ಡಿಎನ್‌ಎ ಬರಹ ಇಷ್ಟು ಉದ್ದ. ಅದು ಬ್ರುಸೆಲ್ಲಾ ಮೆಲಿಟೆನ್ಸಿಸ್. ಹೆಸರು ಕೇಳದಿದ್ದರೂ ತೇರದಾಳದ ಕಡೆಯ ಕುರಿಗಾರರಿಗೆ ಅದರ ಕೆಲಸ ಗೊತ್ತು: ದಿನ ತುಂಬುವ ಮೊದಲೇ ಕುರಿ ಕಂದು ಹಾಕುತ್ತದೆ. ಮಾಸು ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು.

ಈ ಜ್ವರ ಯಾವ ಹಿಂಡಿನಿಂದ ಬಂತು? ಅದನ್ನು ರೋಗಾಣುವೇ ಹೇಳುತ್ತದೆ! ಸತ್ತು ಬಿದ್ದ ಮರಿಯಿಂದಲೂ ಜ್ವರ ಬಂದವರ ರಕ್ತದಿಂದಲೂ ಅದನ್ನು ಬೆಳೆಸಿ, ಎರಡರ ಡಿಎನ್‌ಎಯನ್ನೂ ಓದುತ್ತಾರೆ. ನಕಲಾಗುತ್ತಾ ಹೋಗುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಸಂತತಿಗೆಲ್ಲ ಇಳಿಯುತ್ತದೆ. 33 ಲಕ್ಷದಲ್ಲಿ ಬೆರಳೆಣಿಕೆಯಷ್ಟು ವ್ಯತ್ಯಾಸವಿದ್ದರೆ ಎರಡೂ ತೀರ ಹತ್ತಿರದ ನಂಟು. ನೂರಾರು ಇದ್ದರೆ ಮೂಲ ಬೇರೆಲ್ಲೋ ಇದೆ: ಸಂತೆಯಲ್ಲಿ ಕೊಂಡ ಟಗರೋ, ಹೊಲದಲ್ಲಿ ತರುಬಿದಾಗ ಕೂಡಿಕೊಂಡ ಇನ್ನೊಂದು ಹಿಂಡೋ.

ಡಿಎನ್‌ಎ ಓದಲು ಬಾರದ ಕಾಲದಲ್ಲಿ ಮೂಲ ಹುಡುಕುವುದು ಸುಲಭವಿರಲಿಲ್ಲ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಲ್ಲಿ ಈ ರೋಗಾಣು ಕಂಡರು. ಎಲ್ಲಿಂದ ಬಂತೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ನೋಡಲು ಗಟ್ಟಿಮುಟ್ಟಾಗಿದ್ದ ಮೇಕೆಗಳಲ್ಲೇ ಅದು ಅಡಗಿದೆ ಎಂದು ತೋರಿಸಿದವರು ವೈದ್ಯ ಥೆಮಿಸ್ಟೊಕ್ಲಿಸ್ ಝಾಮಿಟ್. ಹದಿನೆಂಟು ವರ್ಷ!

ಜಾಡು ಅಲ್ಲಿಗೂ ನಿಲ್ಲುವುದಿಲ್ಲ, ಇನ್ನೂ ಹಿಂದಕ್ಕೆ ಹೋಗುತ್ತದೆ. ಇಟಲಿಯ ಸಾರ್ಡೀನಿಯಾದಲ್ಲಿ 14ನೇ ಶತಮಾನದ ಅಸ್ಥಿಪಂಜರದೊಳಗೆ ಕಲ್ಲಾಗಿದ್ದ ಗಂಟೊಂದರಲ್ಲಿ ಇದೇ ರೋಗಾಣುವಿನ ಡಿಎನ್‌ಎ ಸಿಕ್ಕಿತು. 2024ರಲ್ಲಿ ಇನ್ನೂ ದೊಡ್ಡ ಬೆರಗು: ಟರ್ಕಿಯಲ್ಲಿ ಸಿಕ್ಕ 8000 ವರ್ಷ ಹಳೆಯ ಕುರಿ ಮೂಳೆಯಿಂದ ಇದರ ಡಿಎನ್‌ಎ ಬರಹವನ್ನೇ, ಅಂದರೆ ಜೀನೋಮನ್ನೇ ಓದಿದ್ದಾರೆ! ಮನುಷ್ಯ ಕುರಿ ಸಾಕಲು ಕಲಿತ ಕಾಲದಿಂದಲೂ ಇದು ನಮ್ಮ ಬೆನ್ನಿಗಿದೆ.

ನಮ್ಮ ಮಗ್ಗುಲಲ್ಲೇ ಇದೆ ಎನ್ನುವುದಕ್ಕೂ ಸಾಕ್ಷಿಯುಂಟು. ಆಗಿನ ಬಿಜಾಪುರದಲ್ಲಿ ಡಾ. ಬಿ.ಜಿ. ಮಂತೂರ ಮತ್ತು ಸಂಗಡಿಗರು 16 ವರ್ಷ ರಕ್ತ ಪರೀಕ್ಷಿಸಿ, 495 ವಯಸ್ಕರಲ್ಲಿ ಬ್ರುಸೆಲ್ಲಾ ತರುವ ರೋಗವಾದ ಬ್ರುಸೆಲ್ಲೋಸಿಸ್ ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಎಂಥ ತಾಳ್ಮೆ! ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಸ್ಥೆ ನಿವೇದಿಯಲ್ಲೂ ಈ ರೋಗದ ಸಂಶೋಧನೆ ನಡೆಯುತ್ತಿದೆ.

ಆದರೆ ಮಾದರಿ ಕೈಗೆ ಬಾರದೆ ಯಾವ ಯಂತ್ರವೂ ಏನನ್ನೂ ಓದಲಾರದು. ಕುರಿ ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ. ಪಶುವೈದ್ಯರಿಗೆ ಹೇಳಿ ಕಳಿಸಿ. ಹಾಲು ಕಾಯಿಸಿಯೇ ಕುಡಿಯಿರಿ. ಜ್ವರ ವಾರಗಟ್ಟಲೆ ಬಿಡದಿದ್ದರೆ, ಮನೆಯಲ್ಲಿ ಕುರಿ ಮೇಕೆ ಇವೆ ಎಂಬ ಮಾತನ್ನು ಡಾಕ್ಟರಿಗೆ ಮೊದಲು ಹೇಳಿ.