ಬುಡ ನೇರವಿದ್ದರೆ ಗುರಿ ನೇರ

ಅಮೆರಿಕದ ಓಹಾಯೋ ರಾಜ್ಯದಲ್ಲಿ, ಈರಿ ಸರೋವರದ ತಡಿಯಲ್ಲಿರುವ ಕ್ಯಾಂಪ್ ಪೆರಿ 1907ರಷ್ಟು ಹಿಂದೆಯೇ ರಾಷ್ಟ್ರೀಯ ಗುರಿಸ್ಪರ್ಧೆಗಳಿಗೆ ಆಶ್ರಯವಿತ್ತ ಸ್ಥಳ. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು, 25 ಮತ್ತು 50 ಗಜಗಳಾಚೆಯ ಕಾಗದದ ಗುರಿಯನ್ನು ಭೇದಿಸುವ ‘ಬುಲ್ಸ್‌ಐ’ ವಿದ್ಯೆಗೆ ಅಲ್ಲಿ ದೊಡ್ಡ ಮನ್ನಣೆಯುಂಟು; ಆ ವಿದ್ಯೆಗೆ ಒತ್ತಾಸೆಯಾಗಿ ಬೆಳೆದುಬಂದ ಕುಶಲಕರ್ಮವೇ ವ್ಯಾಡ್‌ಕಟರ್ ಎಂಬ ಸೀಸದ ಗುಂಡನ್ನು ಸ್ವಹಸ್ತದಿಂದ ಎರೆದು ತೋಟೆ ತುಂಬುವ ಕಲೆ.

ಚಪ್ಪಟೆ ಮುಖದ, ಕಿರುಸ್ತಂಭದಂತಹ ಈ ಗುಂಡು ‘ಪಾಯಿಂಟ್ 38 ಸ್ಪೆಷಲ್’ ತೋಟೆಯಲ್ಲಿ ರೂಢಿಯಾಗಿ 148 ಗ್ರೇನ್, ಎಂದರೆ ಸುಮಾರು ಒಂಬತ್ತೂವರೆ ಗ್ರಾಂ ತೂಗುತ್ತದೆ. ದುಂಡುಮೂತಿಯ ಗುಂಡು ಕಾಗದವನ್ನು ಹರಿದು ಅಂಚುಗೆಟ್ಟ ತೂತನ್ನುಳಿಸಿದರೆ, ಇದು ದುಂಡನೆಯ ಬಿಲ್ಲೆಯನ್ನೇ ಕತ್ತರಿಸಿ ತೆಗೆಯುವುದರಿಂದ, ರಂಧ್ರವು ಅಂಕದ ಗೆರೆಯನ್ನು ಮುಟ್ಟಿತೋ ಇಲ್ಲವೋ ಎಂಬ ಸಂಶಯ ತೀರ್ಪುಗಾರನನ್ನು ಅಷ್ಟಾಗಿ ಕಾಡುವುದಿಲ್ಲ.

ಆದರೆ ಗುಂಡಿನ ನಿಜವಾದ ಗುಣವಿರುವುದು ಮುಖದಲ್ಲಲ್ಲ, ಬುಡದಲ್ಲಿ. ಫ್ರಾಂಕ್ಲಿನ್ ಮ್ಯಾನ್ ಎಂಬ ವೈದ್ಯರು, ಬೇಕೆಂದೇ ಊನಗೊಳಿಸಿದ ಗುಂಡುಗಳನ್ನು ಹಾರಿಸಿ ಪರೀಕ್ಷಿಸಿ, ಮೂತಿಯ ದೋಷಕ್ಕಿಂತ ಬುಡದ ದೋಷವೇ ಗುರಿಯನ್ನು ಹೆಚ್ಚು ಕೆಡಿಸುವುದೆಂದು 1909ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ನಳಿಗೆಯ ಬಾಯನ್ನು ಕಟ್ಟಕಡೆಗೆ ಬಿಡುವುದು ಬುಡವೇ ಆದುದರಿಂದ, ಅದರ ಅಂಚು ಮುಕ್ಕಾಗಿದ್ದರೆ ಬೆನ್ನಟ್ಟಿ ಬರುವ ಅನಿಲವು ಆ ಕಡೆಯಿಂದಲೇ ಮೊದಲು ನುಗ್ಗಿ ಗುಂಡನ್ನು ಓರೆಯಾಗಿಸುತ್ತದೆ.

ಆದಕಾರಣ ಎರಕದವನ ಶ್ರದ್ಧೆಯೆಲ್ಲ ಅಲ್ಲಿಯೇ ನೆಲೆಗೊಳ್ಳುತ್ತದೆ. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಚ್ಚಿನ ಮೂಲೆಮೂಲೆಗೂ ಹರಿಯಲೆಂದು ಅದಕ್ಕೆ ತುಸು ತವರವನ್ನು ಬೆರೆಸುತ್ತಾರೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುವುದು. ಎರೆದ ಮೇಲೆ ಅಚ್ಚಿನ ನೆತ್ತಿಯ ತಟ್ಟೆಯನ್ನು ಮರದ ಕೊಡತಿಯಿಂದ ತಟ್ಟಿ ತಿರುಗಿಸಿದಾಗ ಹೆಚ್ಚುವರಿ ಸೀಸ ಕತ್ತರಿಸಿ ಬೀಳುತ್ತದೆ. ಸಾಮಾನ್ಯವಾಗಿ ಆ ಕತ್ತರಿಸಿದ ಜಾಗವೇ ಬುಡ. ಸೀಸ ಗಟ್ಟಿಯಾಗುವ ಮುನ್ನವೇ ಅವಸರಪಟ್ಟರೆ ಬುಡ ಕಿತ್ತು ಗುಳಿಬೀಳುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಊನವಾದುದನ್ನು ನಿರ್ದಾಕ್ಷಿಣ್ಯವಾಗಿ ಮರಳಿ ಪಾತ್ರೆಗೇ ಹಾಕುತ್ತಾರೆ. ಗಾಳಿಯಾಡುವ ಸ್ಥಳ, ಕನ್ನಡಕ, ಕೈಗವಸು, ಕೆಲಸ ಮುಗಿದೊಡನೆ ಕೈತೊಳೆಯುವ ಅಭ್ಯಾಸ, ಇವು ಅನಿವಾರ್ಯ. ಹನಿ ನೀರು ಬಿದ್ದರೂ ಕಾದ ಸೀಸ ಸಿಡಿಯುತ್ತದೆ.

ಬಳಿಕ ಗುಂಡಿನ ಮೈಸುತ್ತಲಿನ ತೋಡುಗಳಿಗೆ ಜೇನುಮೇಣ ಮಿಶ್ರಿತ ಲೇಪವನ್ನು ತುಂಬುವರು. ಅದು ನಳಿಗೆಗೆ ಸೀಸ ಅಂಟದಂತೆ ತಡೆಯುತ್ತದೆ. ಮೃದುವಾದ ಸೀಸಕ್ಕೆ ಮಂದವೇಗವೇ ಹಿತವಾದುದರಿಂದ ಮದ್ದು ಸೌಮ್ಯವಾಗಿರುತ್ತದೆ.

ಭಾರತಕ್ಕೂ ಈ ಚಪ್ಪಟೆಮುಖದ ಗುಂಡಿನ ಕ್ರೀಡೆ ಅಪರಿಚಿತವಲ್ಲ: ಅಂಥ ಗುಂಡು ಬಳಕೆಯಲ್ಲಿರುವ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಹಾಗೂ 2006ರ ದೋಹಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಸ್ವರ್ಣ ಗೆದ್ದರು. ಪದಕವನ್ನು ಲೋಕ ಕಾಣುತ್ತದೆ; ಆದರೆ ಕಣ್ಣಿಗೆ ಬೀಳದ ಬುಡವನ್ನು ತಿದ್ದುವ ತಾಳ್ಮೆಯೂ ಕೈಯ ಸ್ಥಿರತೆಯಷ್ಟೇ ಗುರಿಕಾರನ ವಿದ್ಯೆಯ ಅಂಗವೆಂದು ಈ ಕಸುಬು ಕಲಿಸುತ್ತದೆ.